ಕ್ಯಾಪಿನೊಳಗಿನ ಗುರುತು

ಮೇಸ್ತ್ರಿಗೆ ಯಾವುದರ ಮೇಲೂ ನಂಬಿಕೆಯಿರಲಿಲ್ಲ ಎಂದರೆ ತಪ್ಪಾಗುತ್ತದೆ. ಕಬ್ಬಿಣದ ಮೇಲೆ ಇತ್ತು. ಪಿಸ್ಟನ್ನು, ವಾಲ್ವು, ಗೇರಿನ ಹಲ್ಲು, ಹೀಗೆ ಕೈಯಲ್ಲಿ ಹಿಡಿದು ಉಗುರಿನಿಂದ ಗೀರಿ ನೋಡಬಹುದಾದ ಯಾವುದನ್ನಾದರೂ ಅವನು ನಂಬುತ್ತಿದ್ದ. ಮನುಷ್ಯರ ವಿಷಯ ಬಂದಾಗ ಮಾತ್ರ ಅವನ ಹುಬ್ಬು ಮೇಲೇರುತ್ತಿತ್ತು. ಚಹಾ ತಂದಿಟ್ಟರೆ ಮೊದಲು ಲೋಟದ ತಳ ನೋಡುವವನು. ಪಕ್ಕದ ಟೈರ್ ಅಂಗಡಿಯವನು "ಏನ್ ಮೇಸ್ತ್ರಿ, ಚೆನ್ನಾಗಿದ್ದೀರಾ?" ಎಂದರೆ, ನನ್ನ ಯೋಗಕ್ಷೇಮ ಇವನಿಗೇಕೆ ಬೇಕು ಎಂದು ಅರ್ಧ ದಿನ ತಲೆ ಕೆರೆದುಕೊಳ್ಳುವವನು. ಇಂಥವನ ಜೊತೆ ಒಂದೇ ಷೆಡ್ಡಿನಲ್ಲಿ ಇಪ್ಪತ್ತಾರು ವರ್ಷ ಏಗಿದ ಪುಣ್ಯಾತ್ಮರೆಂದರೆ ಅವನ ಭಾವ, ಅಕ್ಕನ ಗಂಡ.

ಇಬ್ಬರೂ ಕೆಲಸ ಹಂಚಿಕೊಂಡಿದ್ದರು. ಇಂಜಿನ್ನು, ಗೇರು, ಬ್ರೇಕು ಮೇಸ್ತ್ರಿಯ ಪಾಲು. ವೈರಿಂಗು, ಬ್ಯಾಟರಿ, ಕಿಡಿ ಹೊತ್ತಿಸುವ ಸಾಮಾನೆಲ್ಲ ಭಾವನ ಪಾಲು. ಕರೆಂಟೆಂದರೆ ಮೇಸ್ತ್ರಿ ಮಾರು ದೂರ. "ಕಣ್ಣಿಗೆ ಕಾಣಲ್ಲ, ಮುಟ್ಟಿದ್ರೆ ಒದೆಯತ್ತೆ. ಅದರ ಸಹವಾಸವೇ ಬೇಡಪ್ಪ," ಎನ್ನುತ್ತಿದ್ದ. ಹಳೆಯ ಕಾರುಗಳಿಗೆ ಎಲ್ಲೂ ಸಿಗದ ಬಿಡಿಭಾಗಗಳನ್ನು ಹುಡುಕಿ ತರುವುದೂ ಭಾವನ ಕೆಲಸವೇ. ಭಾವ ಬಿಟ್ಟುಹೋದರೆ ಷೆಡ್ಡು ಒಂದು ತಿಂಗಳೂ ನಡೆಯುವುದಿಲ್ಲವೆಂಬುದು ಮೇಸ್ತ್ರಿಗೆ ಗೊತ್ತಿತ್ತು. ಷೆಡ್ಡಿನ ಮಾತು ಹಾಗಿರಲಿ, ಬೆಳಗ್ಗೆ ಎಂಟಕ್ಕೆ ಬಾಗಿಲಲ್ಲಿ ಕೆಮ್ಮುತ್ತ ಬಂದು ನಿಲ್ಲುವ ಆ ಮನುಷ್ಯನಿಲ್ಲದೆ ದಿನವೇ ಶುರುವಾಗುತ್ತಿರಲಿಲ್ಲ. ಅವನಿಗೆ ಭಾವನೆಂದರೆ ಅಷ್ಟು ಇಷ್ಟ. ಆದರೆ ಅದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿದವನಲ್ಲ. ಹೇಳಿದರೆ ಎಲ್ಲಿ ತಲೆಯ ಮೇಲೆ ಕೂರುತ್ತಾರೋ ಎಂದು ಅದಕ್ಕೂ ಅನುಮಾನ.

ಆ ಸಲ ಷೆಡ್ಡಿನಲ್ಲಿ ನಿಂತಿದ್ದು ಹಲ್ಲಿನ ಡಾಕ್ಟರಮ್ಮನ ಕಾರು. ಇಬ್ಬರೇ ಕೂರಬಹುದಾದ, ತಲೆಯ ಮೇಲೆ ತಗಡಿಲ್ಲದ, ಉದ್ದ ಮೂತಿಯ ಓಟದ ಕಾರು. ವಯಸ್ಸಿನಲ್ಲಿ ಮೇಸ್ತ್ರಿಗಿಂತ ಎರಡು ವರ್ಷ ದೊಡ್ಡದು. ಯಾವುದೋ ಗೋದಾಮಿನಲ್ಲಿ ಕೋಳಿಗಳು ಅದರ ಸೀಟಿನ ಮೇಲೆ ಮೊಟ್ಟೆಯಿಡುತ್ತಿದ್ದಾಗ ಡಾಕ್ಟರಮ್ಮನ ಕಣ್ಣಿಗೆ ಬಿದ್ದಿತ್ತು. ನಾಲ್ಕು ತಿಂಗಳು ಕೂತು ಮೇಸ್ತ್ರಿ ಇಂಜಿನ್ನನ್ನು ಹೊಸದು ಮಾಡಿದ್ದ. ಉಳಿದಿದ್ದು ಡಿಸ್ಟ್ರಿಬ್ಯೂಟರ್ ಒಂದೇ. ಅದರ ಕ್ಯಾಪ್ ಬಿರುಕುಬಿಟ್ಟಿತ್ತು, ಒಳಗಿನ ರೋಟರ್ ಸವೆದಿತ್ತು. ಇಸ್ಪೀಟಿನ ಎಲೆ ಹಂಚುವವನ ಹಾಗೆ ರೋಟರ್ ಗಿರ್ರನೆ ತಿರುಗುತ್ತ ನಾಲ್ಕೂ ಪ್ಲಗ್ಗುಗಳಿಗೆ ಸರದಿಯ ಮೇಲೆ ಕಿಡಿ ಹಂಚುತ್ತದೆ. ಆ ಕಿಡಿ ಅಡ್ಡದಾರಿ ಹಿಡಿಯದಂತೆ ಕಾಯುವುದು ಮೇಲಿನ ಕ್ಯಾಪು. ಎರಡೂ ಸೇರಿ ಅಂಗೈಯಲ್ಲಿ ಹಿಡಿಯುವಷ್ಟು ಸಾಮಾನು. ಆದರೆ ಕಾರು ಮಾಡಿದ ಕಂಪನಿಯೇ ಬಾಗಿಲು ಹಾಕಿ ಮೂವತ್ತು ವರ್ಷವಾಗಿತ್ತು.

"ಮುಂದಿನ ತಿಂಗಳು ಮೊದಲನೇ ಭಾನುವಾರ ಹಳೇ ಕಾರಿನವರೆಲ್ಲ ಸೇರಿ ಬೆಟ್ಟ ಹತ್ತುತ್ತಾ ಇದ್ದೀವಿ," ಎಂದಿದ್ದರು ಡಾಕ್ಟರಮ್ಮ. "ಅಷ್ಟರಲ್ಲಿ ಇದರ ಹಲ್ಲುನೋವು ವಾಸಿ ಮಾಡಿಕೊಡಿ."

ಭಾವ ಹಳೆಯ ಕ್ಯಾಪನ್ನು ಹತ್ತಿಯಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿಟ್ಟುಕೊಂಡು ಹೊರಟರು. ಅವರ ಕ್ರಮವೇ ಹಾಗೆ. ನಂಬರು ಹೇಳಿ ಕೇಳುವುದಿಲ್ಲ, ಕ್ಯಾಟಲಾಗ್ ತೆರೆಯುವುದಿಲ್ಲ. ಅಂಗಡಿಯವನ ಮುಂದೆ ಡಬ್ಬಿ ತೆರೆದಿಟ್ಟು, "ಇದರ ಅಣ್ಣತಮ್ಮಂದಿರು ಯಾರಾದ್ರೂ ಇದ್ದಾರಾ ನೋಡಿ," ಎನ್ನುವುದು. ಮೂರು ವಾರ ಸುತ್ತಿದರು. ಒಂದು ಕ್ಯಾಪು ದೂರದೂರಿನಿಂದ ಪಾರ್ಸಲ್ಲಿನಲ್ಲಿ ಬಂತು. ಪೆಟ್ಟಿಗೆಯ ಮೇಲಿನ ನಂಬರು ಅಕ್ಷರಕ್ಕಕ್ಷರ ಸರಿಯಿತ್ತು, ಕೂರಿಸಿದರೆ ಒಂದು ಅಕ್ಕಿಕಾಳಿನಷ್ಟು ಗಿಡ್ಡ, ರೋಟರ್ ಒಳಗೆ ಕರಕರ ಉಜ್ಜಿತು. ಇನ್ನೊಂದರ ಕಚ್ಚು ಎಡಕ್ಕಿರಬೇಕಾದದ್ದು ಬಲಕ್ಕಿತ್ತು. ಮೂರನೆಯದು ಕೂತಿತು, ಆದರೆ ಅದು ರೋಟರ್ ಉಲ್ಟಾ ದಿಕ್ಕಿಗೆ ತಿರುಗುವ ಇಂಜಿನ್ನಿನದು.

ಕೊನೆಗೆ ಮಂಗಳವಾರ ಭಾವ ಹಳೇ ಪೇಪರಿನ ಪೊಟ್ಟಣವೊಂದನ್ನು ಹಿಡಿದುಕೊಂಡು ಬಂದರು. ಮುಖ ಅರಳಿತ್ತು.

"ಸಿಕ್ತು ಮಾರಾಯ, ಕ್ಯಾಪೂ ರೋಟರೂ. ಫೋರ್ಕ್‌ಲಿಫ್ಟಿಂದು."

"ಗೋದಾಮಲ್ಲಿ ಮೂಟೆ ಎತ್ತೋ ಗಾಡಿದಾ?" ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟ. "ಕತ್ತೆ ಲಾಳ ತಂದು ಕುದುರೆಗೆ ಹೊಡೀತೀರಾ ಭಾವ?"

"ಕಾಲು ಒಂದೇ ಅಳತೆ ಇದ್ರೆ ಲಾಳ ಯಾರದಾದ್ರೇನು? ನೋಡು."

ಕ್ಯಾಪ್ ಕೂತಿತು. ಕ್ಲಿಪ್ಪುಗಳು ಟಕ್ ಟಕ್ ಎಂದು ಬಿದ್ದವು. ಕೀ ತಿರುಗಿಸಿದರೆ ಇಂಜಿನ್ನು ಒಂದೇ ಸಲಕ್ಕೆ ಎದ್ದು, ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ಮೇಸ್ತ್ರಿ ಬಾಗಿ ಕಿವಿಗೊಟ್ಟ. ತಪ್ಪು ಹುಡುಕಿದ, ಸಿಗಲಿಲ್ಲ.

"ಎಲ್ಲಿ ಸಿಕ್ತು?"

"ಸಿಕ್ತು ಎಲ್ಲೋ ಒಂದು ಕಡೆ."

"ಹಳೇ ಕ್ಯಾಪ್ ಎಲ್ಲಿ?"

"ಕೊಟ್ಬಿಟ್ಟೆ. ಬಿರುಕುಬಿಟ್ಟಿದ್ದು ನಮಗ್ಯಾಕೆ?" ಎಂದ ಭಾವ ಕೈ ತೊಳೆಯಲು ಹೋದರು.

ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಂಜೆ ಟೈರ್ ಅಂಗಡಿಯವನು ಹಲ್ಲಿಗೆ ಕಡ್ಡಿ ಹಾಕುತ್ತ ಬಂದು, "ನಿಮ್ಮ ಭಾವ ನಿನ್ನೆ ಗಾಜಿನ ಗ್ಯಾರೇಜಿನಿಂದ ಹೊರಗೆ ಬರ್ತಾ ಇದ್ರು. ಅಲ್ಲಿನ ಮ್ಯಾನೇಜರು ಬಾಗಿಲ ತನಕ ಬಂದು ಕೈ ಕುಲುಕಿ ಕಳಿಸ್ತಾ ಇದ್ದ," ಎಂದ. ಗಾಜಿನ ಗ್ಯಾರೇಜೆಂದರೆ ಪೇಟೆಯ ಆಚೆ ತುದಿಯಲ್ಲಿ ಮುಂಭಾಗಕ್ಕೆಲ್ಲ ಗಾಜು ಹಾಕಿಸಿ, ನೆಲವನ್ನು ಆಸ್ಪತ್ರೆಯಂತೆ ಒರೆಸಿಟ್ಟು, ಹಳೆಯ ಕಾರುಗಳನ್ನೇ ರಿಪೇರಿ ಮಾಡುವ ಜಾಗ. ಡಾಕ್ಟರಮ್ಮನ ಕಾರಿನಂಥದ್ದೇ ಇನ್ನೊಂದು ಕಾರು ಅವರ ಹತ್ತಿರವೂ ಇತ್ತು. ನಿನ್ನೆ ಭಾವ ಹೇಳಿದ್ದು ಗುಜರಿಗೆ ಹೋಗುತ್ತೇನೆಂದು.

ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಲೆಕ್ಕ ಹಾಕಿದ. ಹಳೇ ಕ್ಯಾಪ್ ಅಲ್ಲಿಗೆ ಹೋಯಿತು. ಕೈ ಕುಲುಕಿದರು. ಇನ್ನು ಹೊಸ ಕ್ಯಾಪೂ ಅಲ್ಲಿಗೇ ಹೋಗುತ್ತದೆ, ಇಲ್ಲಿ ಯಾವುದೋ ಕೆಟ್ಟ ಮಾಲು ಕೂರುತ್ತದೆ, ಕಾರು ಬೆಟ್ಟದ ಮಧ್ಯೆ ನಿಲ್ಲುತ್ತದೆ, ಡಾಕ್ಟರಮ್ಮ ನೇರ ಗಾಜಿನ ಗ್ಯಾರೇಜಿಗೆ ಫೋನು ಮಾಡುತ್ತಾರೆ, ಭಾವ ಒಳಗಿನಿಂದ ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು ಬರುತ್ತಾರೆ. ಕುಳಿತ ಕಡೆಯಲ್ಲೇ ಇಷ್ಟನ್ನೂ ಅವನು ನೋಡಿಬಿಟ್ಟ. ಅಂದಿನಿಂದ ಅವನ ಮನಸ್ಸಿನೊಳಗೆ ಭಾವ ‘ಅವರು’ ಹೋಗಿ ‘ಅವನು’ ಆದರು. ಬಾಯಿ ಮಾತ್ರ ಹಳೆಯ ಮರ್ಯಾದೆ ಬಿಡಲಿಲ್ಲ.

ಬುಧವಾರ ಮಧ್ಯಾಹ್ನ ಭಾವ ಮನೆಗೆ ಊಟಕ್ಕೆ ಹೋದಾಗ ಮೇಸ್ತ್ರಿ ಬಾನೆಟ್ ಎತ್ತಿದ. ಕಳ್ಳನನ್ನು ಹಿಡಿಯಬೇಕಾದರೆ ಮಾಲಿಗೆ ಗುರುತು ಹಾಕಬೇಕು, ಅದೂ ಕಳ್ಳನಿಗೆ ಕಾಣದ ಕಡೆ. ಕ್ಯಾಪ್ ಬಿಚ್ಚಿದ. ಜನ್ಮದಲ್ಲಿ ಮುಟ್ಟದಿದ್ದ ಸಾಮಾನನ್ನು ಅಂಗೈಯಲ್ಲಿ ಮಗುಚಿ ನೋಡಿದ. ಕಪ್ಪು ಗೋಡೆ, ಅದರ ಸುತ್ತ ನಾಲ್ಕು ಹಿತ್ತಾಳೆಯ ಗೂಟ. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ತುದಿಗೆ ಉಗುಳು ಹಚ್ಚಿ, ಒಂದು ಗೂಟದಿಂದ ಪಕ್ಕದ ಗೂಟದವರೆಗೆ ಒಳಗೋಡೆಯ ಮೇಲೆ ದಪ್ಪಗೆ ಒಂದು ಗೆರೆ ಎಳೆದ. ಕಪ್ಪಿನ ಮೇಲೆ ಕಪ್ಪು. ಬೆಳಕಿಗೆ ಓರೆ ಹಿಡಿದರೆ ಮಾತ್ರ ಮಿರಿಮಿರಿ ಹೊಳೆಯುತ್ತಿತ್ತು. ಮತ್ತೆ ಮುಚ್ಚಿ ಕ್ಲಿಪ್ ಹಾಕಿದ. ತನ್ನ ಬುದ್ಧಿಗೆ ತಾನೇ ಮೆಚ್ಚಿ ಇನ್ನೊಂದು ಲೋಟ ಚಹಾ ತರಿಸಿದ.

ಗುರುವಾರ ಬೆಳಗ್ಗೆ ಕಾರು ಕೆಮ್ಮಿತು. ಕುಂಟಿತು. ಸೈಲೆನ್ಸರಿನಿಂದ ಢಂ ಢಂ ಎಂದು ಎರಡು ಗುಂಡು ಹಾರಿಸಿತು. ಟೈರ್ ಅಂಗಡಿಯವನು ಓಡಿಬಂದು ನೋಡಿಹೋದ.

"ಕ್ಯಾಪ್ ತೆಗಿ, ಒಳಗೆ ನೋಡ್ತೀನಿ," ಎಂದರು ಭಾವ.

"ಕ್ಯಾಪಿಗೆ ಏನಾಗಿದೆ? ನೀವೇ ತಂದಿದ್ದಲ್ವಾ?" ಮೇಸ್ತ್ರಿ ಬಾನೆಟ್ಟಿಗೆ ಅಡ್ಡ ನಿಂತ. "ಕಾರ್ಬ್ಯುರೇಟರ್ ಇರ್ಬೇಕು. ಅದು ನನ್ನ ಕೆಲಸ. ನಾನು ನೋಡ್ಕೋತೀನಿ."

ಭಾವ ಅವನ ಮುಖವನ್ನೊಮ್ಮೆ ನೋಡಿದರು. ಬೇರೆ ಗಾಡಿಯ ಹಾರನ್ ಬಿಚ್ಚಲು ಕೂತರು.

ಅವರು ಊಟಕ್ಕೆ ಹೋದದ್ದೇ ತಡ, ಮೇಸ್ತ್ರಿ ಕ್ಯಾಪ್ ಬಿಚ್ಚಿ ಬೆಳಕಿಗೆ ಹಿಡಿದ. ಗೆರೆ ಹಾಗೇ ಇತ್ತು! ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಉಸಿರು ಬಿಟ್ಟು, ಛೆ, ಪಾಪ, ಎಂದುಕೊಳ್ಳುತ್ತಿದ್ದರು. ನಮ್ಮ ಮೇಸ್ತ್ರಿಗೆ ಅನುಮಾನ ಇನ್ನೂ ಗಟ್ಟಿಯಾಯಿತು. ಕ್ಯಾಪ್ ಅದೇ, ಹಾಗಾದರೆ ರೋಟರ್ ಬದಲಾಗಿದೆ. ಗುರುತು ಹಾಕದೆ ಬಿಟ್ಟದ್ದನ್ನೇ ಎತ್ತಿದ್ದಾನೆ! ಎಷ್ಟಾದರೂ ಇಪ್ಪತ್ತಾರು ವರ್ಷ ಕೈ ಪಳಗಿದವನು. ಮೇಸ್ತ್ರಿ ಮತ್ತೆ ಪೆನ್ಸಿಲ್ ನೆಕ್ಕಿದ. ರೋಟರಿನ ಹಿತ್ತಾಳೆಯ ಪಟ್ಟಿಯಿಂದ ಬದಿಗಿಳಿದು ಕೆಳಗಿನ ತೂತಿನ ಒಳಗಿನವರೆಗೂ ಗೆರೆ ಎಳೆದ. ಒಂದಕ್ಕೆ ಮೂರು ಸಲ ತಿದ್ದಿದ.

ಶುಕ್ರವಾರ ಕಾರು ಕೆಮ್ಮಲೂ ಇಲ್ಲ. ಸ್ಟಾರ್ಟರ್ ಬರೀ ಗಿರಗಿರ ತಿರುಗಿತು, ಒಂದು ಕಿಡಿ ಹುಟ್ಟಲಿಲ್ಲ. ಭಾವ ಎರಡು ಸಲ ಹತ್ತಿರ ಬಂದರು, ಎರಡು ಸಲವೂ ಮೇಸ್ತ್ರಿ ಅವರನ್ನು ಬೇರೆ ಕೆಲಸಕ್ಕೆ ಅಟ್ಟಿದ. ಒಬ್ಬನೇ ಸಿಕ್ಕಾಗ ಬಿಚ್ಚಿ ನೋಡಿದರೆ ಎರಡೂ ಗುರುತು ಇದ್ದಲ್ಲೇ ಇದ್ದವು. ಆಗ ಅವನ ತಲೆಯಲ್ಲಿ ಹುಟ್ಟಿದ ಯೋಚನೆಯನ್ನು ಹೇಳಲು ನನಗೇ ನಾಚಿಕೆಯಾಗುತ್ತದೆ. ಭಾವ ಗುರುತು ಕಂಡುಹಿಡಿದಿದ್ದಾನೆ, ಕೆಟ್ಟ ಮಾಲಿನ ಮೇಲೆ ಅದೇ ಗೆರೆಯನ್ನು ಅದೇ ದಪ್ಪಕ್ಕೆ ಬರೆದು ಕೂರಿಸಿದ್ದಾನೆ! ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು ಎಂದು ಮೇಸ್ತ್ರಿ ಗೋಡೆಗೆ ಹೇಳಿಕೊಂಡ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಇವನಿಗೆ ಪೆನ್ಸಿಲ್ಲಿನ ಕಪ್ಪು ಕೂಡ ಹಳದಿಯಾಗಿ ಕಂಡಿತು.

ಸಂಜೆ ಬಾಗಿಲು ಹಾಕುವಾಗ ಕೈ ಚಾಚಿದ. "ಬೀಗದಕೈ ಕೊಡಿ ಭಾವ. ಇನ್ನು ಮೇಲೆ ನಾನೇ ಹಾಕ್ತೀನಿ."

ಭಾವ ಸೊಂಟದ ಗೊಂಚಲಿನಿಂದ ಆ ಒಂದು ಕೀ ಬಿಡಿಸಲು ಬಹಳ ಹೊತ್ತು ತೆಗೆದುಕೊಂಡರು. ತುಕ್ಕು ಹಿಡಿದ ಬಳೆ, ಉಗುರು ಜಾರುತ್ತಿತ್ತು. ಮೇಸ್ತ್ರಿ ಸಹಾಯ ಮಾಡಲಿಲ್ಲ.

ಅವನು ಮನೆ ಸೇರುವ ಮೊದಲೇ ಅಕ್ಕನ ಫೋನು ಬಂತು.

"ಏನೋ, ಇವರ ಹತ್ರ ಬೀಗದಕೈ ಇಸ್ಕೊಂಡೆಯಂತೆ?"

"ಅದು... ಬೀಗ ಬದಲಾಯಿಸ್ತಾ ಇದ್ದೀನಿ ಅಕ್ಕ."

"ಸುಳ್ಳು ಹೇಳೋವಾಗ ನಿನ್ನ ಧ್ವನಿ ಸಣ್ಣ ಆಗತ್ತೆ, ಚಿಕ್ಕಂದಿನಿಂದ್ಲೂ. ಇವರು ಊಟಕ್ಕೆ ಕೂತವರು ತಟ್ಟೆ ಮುಂದೆ ಸುಮ್ನೆ ಕೂತಿದ್ದಾರೆ. ಏನಾಯ್ತು ಅಂದ್ರೆ ಏನಿಲ್ಲ ಅಂತಾರೆ. ನೋಡೋ, ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಏನೇ ಇದ್ರೂ ಯೋಚನೆ ಮಾಡಿ ಬಾಯಿ ಬಿಡು. ಅವರು ಒಂದು ಸಲ ಎದ್ದು ಹೋದ್ರೆ ನಾನು ಹೇಳಿದ್ರೂ ತಿರುಗಿ ಬರಲ್ಲ."

ಆ ಕೊನೆಯ ಮಾತು ಮೇಸ್ತ್ರಿಗೆ ಬೇರೆಯೇ ರೀತಿ ಕೇಳಿಸಿತು. ಹಾಗಾದರೆ ಎದ್ದು ಹೋಗುವ ಯೋಚನೆ ಇದೆ. ಅಕ್ಕನಿಗೂ ಗೊತ್ತಿದೆ.

ಶನಿವಾರ ಭಾವ ಎಂಟಕ್ಕೆ ಕೆಮ್ಮುತ್ತ ಬಂದು, ಬೀಗ ತೆಗೆಯದ ಬಾಗಿಲ ಮುಂದೆ ನಿಂತಿದ್ದರು. ಮೇಸ್ತ್ರಿ ಎಂಟೂಕಾಲಿಗೆ ಬಂದ. ಬಾಗಿಲು ತೆರೆದು ಒಳಗೆ ಹೋದವನೇ ತಿರುಗಿ ನಿಂತ.

"ಗಾಜಿನ ಗ್ಯಾರೇಜಲ್ಲಿ ಏನು ಕೆಲಸ ನಿಮಗೆ?"

"ಓ, ಅದಾ," ಎಂದರು ಭಾವ.

"ಗುಜರಿಗೆ ಹೋಗ್ತೀನಿ ಅಂತ ಹೇಳಿ ಅಲ್ಲಿಗೆ ಹೋಗ್ತೀರಿ. ಹಳೇ ಕ್ಯಾಪ್ ಅವರಿಗೆ ಕೊಡ್ತೀರಿ. ಇಲ್ಲಿಂದ ಒಳ್ಳೇದು ಎತ್ತಿ ಕೆಟ್ಟಿದ್ದು ಹಾಕ್ತೀರಿ. ನನಗೇನು ಕಣ್ಣಿಲ್ವಾ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಲೋಕಕ್ಕೆ ಕಾಣಲ್ವಾ?"

ಭಾವ ಬಾಗಿಲ ಚೌಕಟ್ಟಿಗೆ ಕೈಯಿಟ್ಟುಕೊಂಡರು.

"ಗುಜರಿಯಲ್ಲಿ ಸಿಗಲಿಲ್ಲ. ಅಲ್ಲಿಂದ ಅವರ ಹತ್ರ ಹೋದೆ. ಅವರ ಕಾರಿನ ಕ್ಯಾಪ್ ಬಿಚ್ಚಿ ನಮ್ಮದರ ಪಕ್ಕ ಇಟ್ಟು ಅಳತೆ ನೋಡೋಕೆ ಬಿಟ್ರು. ಫೋರ್ಕ್‌ಲಿಫ್ಟಿಂದು ಕೂರತ್ತೆ ಅಂತ ಹೇಳಿ ಕೊಡಿಸಿದ್ದೇ ಅವರ ಮ್ಯಾನೇಜರು. ಹಳೇದು ನಮೂನೆಗೆ ಬೇಕು ಅಂದ, ಕೊಟ್ಟೆ. ಅವರ ಹೆಸರು ಎತ್ತಿದ್ರೆ ನೀನು ಆ ಕ್ಯಾಪನ್ನ ಮುಟ್ಟೋಕೂ ಬಿಡ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ." ಚೌಕಟ್ಟಿನಿಂದ ಕೈ ತೆಗೆದು, "ಎರಡು ವರ್ಷದಿಂದ ಕೆಲಸಕ್ಕೆ ಬಾ ಬಾ ಅಂತ ಕರೀತಾನೇ ಇದ್ದಾರೆ. ಹೋಗಿದ್ದೀನಾ?" ಎಂದರು.

ಮೇಸ್ತ್ರಿ ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಆಟೋ ನಿಂತ ಸದ್ದಾಯಿತು. ಡಾಕ್ಟರಮ್ಮ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಬೆಟ್ಟಕ್ಕೆ ಈಗಲೇ ಹೊರಡುವವರಂತೆ ಇಳಿದು ಬಂದರು.

"ಎಲ್ಲಿ, ನನ್ನ ಪೇಷೆಂಟ್ ಹೇಗಿದ್ದಾಳೆ?"

ಕೀ ತಿರುಗಿಸಿದರು. ಗಿರಗಿರ, ಅಷ್ಟೇ. ಡಾಕ್ಟರಮ್ಮನ ಮುಖ ಸಪ್ಪೆಯಾಯಿತು. ಮೇಸ್ತ್ರಿ ನೆಲ ನೋಡಿದ. ಭಾವ ಯಾರ ಅಪ್ಪಣೆಯನ್ನೂ ಕೇಳದೆ ಹೋಗಿ ಕ್ಲಿಪ್ ಬಿಡಿಸಿ, ಕ್ಯಾಪನ್ನೂ ರೋಟರನ್ನೂ ಬಾಗಿಲ ಬೆಳಕಿಗೆ ತಂದರು. ಕನ್ನಡಕ ಏರಿಸಿಕೊಂಡು ಓರೆ ಮಾಡಿ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ತಲೆಯೆತ್ತಿ ಮೇಸ್ತ್ರಿಯ ಕಿವಿಯ ಮೇಲಿದ್ದ ಪೆನ್ಸಿಲ್ಲನ್ನು ನೋಡಿದರು.

ಮೇಸ್ತ್ರಿಗೆ ಏನೂ ಅರ್ಥವಾಗಲಿಲ್ಲ, ಆದರೂ ಕಿವಿ ಬಿಸಿಯಾಯಿತು.

ಭಾವ ಬಟ್ಟೆಯ ತುಂಡೊಂದನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕ್ಯಾಪಿನ ಒಳಗೋಡೆಯನ್ನು ಉಜ್ಜಿದರು. ಗೆರೆಯ ಒಂದು ಕಡೆ ಆಗಲೇ ಸುಟ್ಟು ಅಂಟಿಕೊಂಡಿತ್ತು, ಅದನ್ನು ಬ್ಲೇಡಿನಿಂದ ಮೆಲ್ಲಗೆ ಹೆರೆದರು. ರೋಟರಿನ ತೂತಿನೊಳಗೆ ಕಡ್ಡಿಗೆ ಬಟ್ಟೆ ಸುತ್ತಿ ತಿರುಗಿಸಿದರು. ಒಣಗಲು ಬಿಟ್ಟು, ಕೂರಿಸಿ, "ಈಗ ನೋಡಿ ಡಾಕ್ಟ್ರೇ," ಎಂದರು.

ಅರ್ಧ ಸುತ್ತಿಗೇ ಇಂಜಿನ್ನು ಎದ್ದು ಗುರುಗುಟ್ಟಿತು.

"ಅಯ್ಯೋ, ಏನು ಮಾಡಿದ್ರಿ? ಏನಾಗಿತ್ತು ಇವಳಿಗೆ?"

"ಒಳಗೆ ಸ್ವಲ್ಪ ಕಪ್ಪು ಕೂತಿತ್ತು ಅಷ್ಟೇ. ಮೊದಲೇ ಒರೆಸಿ ಕೊಡ್ಬೇಕಿತ್ತು, ನನ್ನಿಂದ ತಪ್ಪಾಯ್ತು," ಎಂದರು ಭಾವ. "ಇನ್ನೇನೂ ತೊಂದರೆ ಇಲ್ಲ. ಇಂಜಿನ್ ಕೆಲಸ ಮೇಸ್ತ್ರಿದು, ಕಣ್ಣು ಮುಚ್ಚಿ ಬೆಟ್ಟ ಹತ್ತಿಸಿ."

"ಕಣ್ಣು ಬಿಟ್ಕೊಂಡೇ ಹತ್ತಿಸ್ತೀನಿ," ಎಂದು ನಗುತ್ತ ಡಾಕ್ಟರಮ್ಮ ಕಾರು ಹೊರಗೆ ತೆಗೆದರು. ರಸ್ತೆಯ ತಿರುವಿನ ತನಕ ಸದ್ದು ಶುದ್ಧವಾಗಿ ಕೇಳಿಸಿತು.

ಷೆಡ್ಡಿನಲ್ಲಿ ಇಬ್ಬರೇ ಉಳಿದರು.

"ಪೆನ್ಸಿಲ್ಲಿನ ಕಪ್ಪಿನ ಮೇಲೆ ಕರೆಂಟು ಹರಿಯತ್ತೆ ಕಣೋ," ಎಂದರು ಭಾವ, ಬೈಗುಳವಿಲ್ಲದ ಧ್ವನಿಯಲ್ಲಿ. "ನೀನು ಕಿಡಿಗೆ ಅಡ್ಡದಾರಿ ಬರೆದುಕೊಟ್ಟಿದ್ದೆ. ಮೊದಲು ಕ್ಯಾಪಲ್ಲಿ, ಆಮೇಲೆ ರೋಟರಲ್ಲಿ. ಗುರುತು ಹಾಕಿದ್ದಲ್ವಾ?"

ಮೇಸ್ತ್ರಿ ಹೂಂಗುಟ್ಟಿದ. ಕೆಟ್ಟ ಮಾಲು ಎಲ್ಲಿಂದಲೂ ಬಂದಿರಲಿಲ್ಲ, ಕೆಡಿಸಿದವನು ತಾನೇ.

"ಯಾವತ್ತಿಂದ ನಾನು ಕಳ್ಳ? ಈ ವಾರದಿಂದಲಾ, ಮೊದಲಿಂದಲಾ?"

"ತಪ್ಪಾಯ್ತು ಭಾವ." ಇಪ್ಪತ್ತಾರು ವರ್ಷದಲ್ಲಿ ಆ ಮಾತು ಮೇಸ್ತ್ರಿಯ ಬಾಯಿಂದ ಬಂದದ್ದು ಅದೇ ಮೊದಲು, ಅದು ನಿಜವಾದ ಮಾತೂ ಆಗಿತ್ತು. "ನೀವು ಬಿಟ್ಟು ಹೋಗ್ತೀರಿ ಅಂತ ಹೆದರಿಕೆ ಆಯ್ತು. ಹೋಗ್ಬೇಡಿ."

ಭಾವನ ಮುಖ ಸ್ವಲ್ಪ ಸಡಿಲವಾಯಿತು. ಮೂಲೆಯಲ್ಲಿದ್ದ ತಮ್ಮ ಕ್ಯಾನ್ವಾಸಿನ ಚೀಲವನ್ನು ತಂದು ಬೆಂಚಿನ ಮೇಲಿಟ್ಟು, ಬಾಯಿ ಬಿಚ್ಚಿ, ಒಳಗಿದ್ದದ್ದನ್ನೆಲ್ಲ ಸುರಿದರು. ಸ್ಕ್ರೂಡ್ರೈವರು, ಇಕ್ಕಳ, ಟೆಸ್ಟ್ ಲ್ಯಾಂಪು, ಟೇಪಿನ ಸುರುಳಿ, ಸ್ಪ್ಯಾನರುಗಳು, ಕನ್ನಡಕದ ಡಬ್ಬಿ.

"ದೊಡ್ಡ ಕಾರ್ಖಾನೆಯಲ್ಲಿ ಗೇಟಿನ ಹತ್ರ ಹೀಗೇ ನೋಡಿ ಕಳಿಸ್ತಾರಂತೆ," ಎಂದರು. "ನೀನೂ ನೋಡ್ಕೊ. ನಿಂದು ಏನೂ ಇಲ್ಲ ಅಂತ ಮನಸ್ಸಿಗೆ ಬಂದ್ರೆ ಹೇಳು. ಸೋಮವಾರ ಬರ್ತೀನಿ."

"ಛೆ, ಏನು ಭಾವ ಇದು! ನಾನು ನೋಡಲ್ಲ. ಒಳಗೆ ಹಾಕಿ."

ಅಂದದ್ದು ಬಾಯಿ. ಕಣ್ಣು ಆಗಲೇ ಬೆಂಚಿನ ಮೇಲೆ ಹರಿದಾಡಿ, ಹತ್ತನೇ ನಂಬರಿನ ಸ್ಪ್ಯಾನರಿನ ಮೇಲೆ ಹೋಗಿ ನಿಂತಿತ್ತು. ಅಂಥದ್ದೊಂದು ಅವನದು ಹೋದ ವರ್ಷ ಕಳೆದಿತ್ತು. ಅರೆಗಳಿಗೆಯೂ ಇಲ್ಲ, ತಕ್ಷಣ ಕಣ್ಣು ತೆಗೆದ.

ಭಾವ ಅದನ್ನು ನೋಡಿಬಿಟ್ಟಿದ್ದರು. ಅವರು ಆ ಸ್ಪ್ಯಾನರನ್ನು ಎತ್ತಿ ಮೇಸ್ತ್ರಿಯ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಉಳಿದದ್ದನ್ನೆಲ್ಲ ಒಂದೊಂದಾಗಿ ಚೀಲಕ್ಕೆ ತುಂಬಿ, ಹೆಗಲಿಗೇರಿಸಿ, ಬಾಗಿಲ ಕಡೆ ನಡೆದರು.

"ಭಾವ..." ಎಂದ ಮೇಸ್ತ್ರಿ.

ಅವರು ತಿರುಗಲಿಲ್ಲ. ಹೊಸ್ತಿಲು ದಾಟಿ, ಟೈರ್ ಅಂಗಡಿಯ ಮುಂದೆ ಹಾದು, ರಸ್ತೆಗಿಳಿದರು. ಹಿಂದೆ ಓಡಬೇಕೆಂದು ಮೇಸ್ತ್ರಿಯ ಕಾಲು ಎದ್ದಿತು. ಆದರೆ ಅದಕ್ಕೂ ಮೊದಲು ಅವನ ಕೈ ತಾನಾಗಿಯೇ ಸ್ಪ್ಯಾನರನ್ನು ಮಗುಚಿ, ಅದು ಯಾರದೆಂದು ನೋಡಿತು. ಹಿಡಿಯ ಹಿಂಬದಿಯಲ್ಲಿ ಸಣ್ಣಗೆ, ಭಾವನ ಕೈಬರಹದಲ್ಲಿ, ಅಕ್ಕನ ಹೆಸರಿನ ಮೊದಲ ಅಕ್ಷರ ಕೊರೆದಿತ್ತು.